40 ವ್ಯಾಟ್ ಸಾಲಲಿಲ್ಲವೇ? ಧಾರವಾಡದ ಮನೆಯೊಂದರ ಆಂಪ್ಲಿಫೈಯರ್–ಸ್ಪೀಕರ್ ಪ್ರಕರಣ

ಪ್ರಶ್ನೆ ಬಂದದ್ದು ಹೀಗೆ: "ಸ್ಪೀಕರ್ 150 ವ್ಯಾಟಿನವು, ಆಂಪ್ಲಿಫೈಯರ್ 40 ವ್ಯಾಟಿನದು. ಆಂಪ್ ಕಾಯ್ದು ಕಾಯ್ದು ಬಂದ್ ಆಗ್ತದ, ಒಂದು ಸ್ಪೀಕರಿನ ಟ್ವೀಟರೂ ಹೋಗೇದ. 150 ವ್ಯಾಟಿನ ಆಂಪ್ ತಗೊಳ್ರಿ ಅಂತ ಅಂಗಡಿಯವರು ಹೇಳ್ಯಾರ. ಯಾವದು ತಗೊಳ್ಳಲಿ?"

(ಟ್ವೀಟರ್ ಎಂದರೆ ಸ್ಪೀಕರಿನೊಳಗೆ ಎತ್ತರದ ಸ್ವರಗಳನ್ನು ಹಾಡುವ ಪುಟ್ಟ ಘಟಕ.) ಕೇಳಿದವರು ಧಾರವಾಡದ ಒಬ್ಬ ನಿವೃತ್ತ ಅಧ್ಯಾಪಕರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರಲ್ಲಿ ಒಬ್ಬರಾದರೂ ಹಾಡದೆ ಆ ಮನೆಯಲ್ಲಿ ಸಂಜೆ ಆಗುವುದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕೊಂಡ ಸ್ಟೀರಿಯೊ ಆಂಪ್ಲಿಫೈಯರ್ ಅವರದು. 8 ಓಮಿನ ಸ್ಪೀಕರಿಗೆ ಚಾನೆಲ್ಲಿಗೆ (ಎಡ, ಬಲ ಒಂದೊಂದಕ್ಕೂ) 40 ವ್ಯಾಟ್ ಕೊಡುವಂಥದ್ದು. ಅದರ ಜೊತೆಗೇ ಬಂದ 8 ಓಮಿನ ಚಿಕ್ಕ ಪೆಟ್ಟಿಗೆ ಸ್ಪೀಕರುಗಳು ಮೂರು ದಶಕ ನಡೆದವು. ಆಮೇಲೆ ಮಗ ಎದೆಯೆತ್ತರದ ಟವರ್ ಸ್ಪೀಕರ್ ಜೋಡಿ ಕೊಡಿಸಿದರು. ಹೊಸವು ಪಡಸಾಲೆಗೆ ಬಂದವು, ಹಳೆಯವು ಊಟದ ಮನೆಗೆ ಹೋದವು. ಆಂಪಿನ ಹಿಂದೆ ಎ ಮತ್ತು ಬಿ ಎಂದು ಎರಡು ಜೋಡಿ ಟರ್ಮಿನಲ್ ಇದ್ದುದರಿಂದ ಹೊಸವನ್ನು ಎಗೆ, ಹಳೆಯವನ್ನು ಬಿಗೆ ಕಟ್ಟಿ, ಮುಂದಿನ ಸ್ವಿಚ್ಚನ್ನು ಎ+ಬಿ ಮೇಲೆ ಇಟ್ಟುಬಿಟ್ಟಿದ್ದರು. ಎರಡೂ ಕೋಣೆಯಲ್ಲಿ ಹಾಡು ಕೇಳುತ್ತಿತ್ತು. ತೊಂದರೆ ಶುರುವಾದದ್ದೂ ಅಂದಿನಿಂದಲೇ.

ಅಂಗಡಿಯ ಸಲಹೆಯನ್ನು ಒಪ್ಪುವ ಮೊದಲು ಇದ್ದುದನ್ನು ಅಳೆದು ನೋಡೋಣ ಎಂದೆ. ಆಂಪಿನ ವ್ಯಾಟೂ ಸ್ಪೀಕರಿನ ವ್ಯಾಟೂ ಸಮ ಇರಬೇಕು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮಿಕ್ಕ ಮೂರು ಸಂಖ್ಯೆಗಳನ್ನು ಯಾರೂ ಓದುವುದೇ ಇಲ್ಲ. ಸ್ಪೀಕರಿನ ಇಂಪೆಡೆನ್ಸ್ (ಹಾಡುವಾಗ ಅದು ಕರೆಂಟಿಗೆ ಒಡ್ಡುವ ತಡೆ, ಓಮಿನ ಲೆಕ್ಕದಲ್ಲಿ) ಎಷ್ಟು, ಅದರ ಸೆನ್ಸಿಟಿವಿಟಿ (ಇಷ್ಟು ವೋಲ್ಟ್ ಕೊಟ್ಟರೆ ಎಷ್ಟು ಜೋರಾಗಿ ಹಾಡುತ್ತದೆ, ಡೆಸಿಬಲ್ಲಿನ ಲೆಕ್ಕದಲ್ಲಿ) ಎಷ್ಟು, ಕೇಳುವವರು ಎಷ್ಟು ದೂರದಲ್ಲಿ ಕೂತು ಎಷ್ಟು ಜೋರಾಗಿ ಕೇಳುತ್ತಾರೆ. ವ್ಯಾಟಿನ ಪ್ರಶ್ನೆ ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕೇಳಬೇಕಾದ್ದು.

ಹಿಂಬದಿಯ ಬರಹ

ಆಂಪ್ ಇದ್ದದ್ದು ಗಾಜಿನ ಬಾಗಿಲಿನ ಶೋಕೇಸಿನೊಳಗೆ. ಹೊರಗೆಳೆದು ಹಿಂದೆ ಟಾರ್ಚ್ ಬಿಟ್ಟರೆ ಟರ್ಮಿನಲ್ಲುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದೇ ಇತ್ತು: ಎ ಅಥವಾ ಬಿ ಒಂದೇ ಆದರೆ 4ರಿಂದ 16 ಓಮ್, ಎ+ಬಿ ಆದರೆ 8ರಿಂದ 16 ಓಮ್. ಇದರ ಅರ್ಥ, ಎರಡು ಜೋಡಿ ಒಟ್ಟಿಗೆ ಹಾಡಿಸುವುದಾದರೆ ಒಂದೊಂದು ಸ್ಪೀಕರೂ ಕನಿಷ್ಠ 8 ಓಮ್ ಇರಬೇಕು. ಎರಡು 8 ಓಮ್ ಪ್ಯಾರಲಲ್ ಆಗಿ ಸೇರಿದರೆ 4 ಓಮ್ ಆಗುತ್ತದೆ. ಅದೇ ಈ ಆಂಪಿನ ಕೊನೆಯ ಗಡಿ.

ಹೊಸ ಸ್ಪೀಕರಿನ ಹಿಂದಿನ ಪಟ್ಟಿಯಲ್ಲಿ "4–8 ಓಮ್, 20–150 ವ್ಯಾಟ್, 87 ಡೆಸಿಬಲ್ (2.83 ವೋಲ್ಟ್, 1 ಮೀಟರ್)" ಎಂದಿತ್ತು. ಇಲ್ಲಿ "4–8" ಎಂಬುದು ಸ್ಪೀಕರಿನ ಇಂಪೆಡೆನ್ಸ್ ಅಲ್ಲ. 4ರಿಂದ 8 ಓಮಿಗೆ ತಕ್ಕ ಆಂಪಿಗೆ ಕಟ್ಟಬಹುದು ಎಂದು ಕಂಪನಿಗಳು ಬರೆಯುವ ನುಣುಚಿಕೆಯ ಮಾತು ಅದು. ಐಇಸಿ (ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ) ಮಾನದಂಡದ ಪ್ರಕಾರ ಸ್ಪೀಕರಿನ ನಿಜವಾದ ಇಂಪೆಡೆನ್ಸ್ ಯಾವ ಆವರ್ತನದಲ್ಲೂ ಹೇಳಿದ ಅಂಕಿಯ ಶೇ. 80ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ 8 ಓಮ್ ಎಂದು ಕರೆಸಿಕೊಳ್ಳುವ ಸ್ಪೀಕರ್ 6.4ಕ್ಕಿಂತ, 4 ಓಮಿನದು 3.2ಕ್ಕಿಂತ ಕೆಳಗಿಳಿಯುವಂತಿಲ್ಲ. ಪಟ್ಟಿಯನ್ನು ನಂಬುವ ಬದಲು ಅಳೆಯಬಹುದು. ಅದಕ್ಕೆ ದೊಡ್ಡ ಉಪಕರಣವೇನೂ ಬೇಡ.

ಮೊದಲಿಗೆ ಸ್ಪೀಕರಿನ ವೈರು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿದೆ. ಹಳೆಯದು 6.2, ಹೊಸದು 3.2. ಇದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ರೆಸಿಸ್ಟೆನ್ಸ್ ಮಾತ್ರ, ಇಂಪೆಡೆನ್ಸಿಗಿಂತ ತುಸು ಕಡಿಮೆ ಬರುತ್ತದೆ. ಆದರೂ ಹಳೆಯದು 8 ಓಮಿನ ಜಾತಿ, ಹೊಸದು 4 ಓಮಿನ ಜಾತಿ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಯಿತು. ಆಮೇಲೆ 10 ಓಮಿನ ದಪ್ಪ ರೆಸಿಸ್ಟರ್ ಒಂದನ್ನು ಸ್ಪೀಕರಿನ ಸರಣಿಯಲ್ಲಿ ಕಟ್ಟಿ, ಮೊಬೈಲಿನ ಟೋನ್ ಜನರೇಟರ್ ಆ್ಯಪಿನಿಂದ ಒಂದೊಂದೇ ಆವರ್ತನ ಬಿಟ್ಟು, ರೆಸಿಸ್ಟರಿನ ಮೇಲೆ ಎಷ್ಟು ವೋಲ್ಟ್, ಸ್ಪೀಕರಿನ ಮೇಲೆ ಎಷ್ಟು ವೋಲ್ಟ್ ಎಂದು ಬರೆದುಕೊಂಡೆ. ಸ್ಪೀಕರಿನ ವೋಲ್ಟನ್ನು ರೆಸಿಸ್ಟರಿನ ವೋಲ್ಟಿನಿಂದ ಭಾಗಿಸಿ 10ರಿಂದ ಗುಣಿಸಿದರೆ ಆ ಆವರ್ತನದ ಇಂಪೆಡೆನ್ಸ್ ಸಿಗುತ್ತದೆ. ಅಗ್ಗದ ಮೀಟರುಗಳು ಎತ್ತರದ ಆವರ್ತನದಲ್ಲಿ ಎಸಿ ವೋಲ್ಟನ್ನು ತಪ್ಪು ತೋರಿಸುತ್ತವೆ. ಆದರೆ ಎರಡು ಓದಿನಲ್ಲೂ ತಪ್ಪು ಒಂದೇ ಪ್ರಮಾಣದ್ದಾದ್ದರಿಂದ ಭಾಗಿಸಿದಾಗ ಬಹುಪಾಲು ಕಳೆದುಹೋಗುತ್ತದೆ.

ಹೊಸ ಸ್ಪೀಕರಿನ ನಡತೆ ಹೀಗಿತ್ತು: 65 ಹರ್ಟ್ಜಿನ ಆಸುಪಾಸಿನಲ್ಲಿ 15 ಓಮಿನ ಮೇಲೆ ಏರಿ, 100 ದಾಟುತ್ತಲೇ ಜಾರಿ, 140–150ರ ಹೊತ್ತಿಗೆ 3.4ಕ್ಕೆ ಇಳಿದು, ಕ್ರಾಸ್‌ಓವರಿನ (ಕೆಳಗಿನ ಸ್ವರಗಳನ್ನು ದೊಡ್ಡ ವೂಫರಿಗೂ ಮೇಲಿನವನ್ನು ಟ್ವೀಟರಿಗೂ ಹಂಚುವ ಸರ್ಕ್ಯೂಟ್) ಹತ್ತಿರ 2,000 ಹರ್ಟ್ಜಿನ ಸುತ್ತ 12ಕ್ಕೆ ಏರಿ, ಮತ್ತೆ ಮೇಲೆ ಹೋದಂತೆ 5ಕ್ಕೆ ಇಳಿಯುತ್ತಿತ್ತು. ಈ ಮನೆಯ ಮಟ್ಟಿಗೆ ನನಗೆ ಅತಿ ಮುಖ್ಯವಾಗಿ ಕಂಡದ್ದು ಆ 140. ಹಿಂದೂಸ್ತಾನಿ ಗಂಡು ಗಾಯಕರು ಸಾಮಾನ್ಯವಾಗಿ ಷಡ್ಜ ಇಟ್ಟುಕೊಳ್ಳುವ ಕರಿ ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ) ಆವರ್ತನ ಸುಮಾರು 139 ಹರ್ಟ್ಜ್. ಗಾಯಕರು ಮಧ್ಯ ಸಪ್ತಕದ 'ಸಾ' ಮೇಲೆ ಬಂದು ನಿಲ್ಲುವುದೂ, ತಂಬೂರಿಯ ಜೋಡು ತಂತಿ ಎಡೆಬಿಡದೆ ಮಿಡಿಯುವುದೂ ಅಲ್ಲೇ. ತಬಲಾದ ಡಗ್ಗಾ ಅದರ ಕೆಳಗೇ ಗುಂಯ್‌ಗುಡುತ್ತದೆ. ಈ ಮನೆಯ ಸಂಗೀತವೆಲ್ಲ ಎಲ್ಲಿ ಸೇರುತ್ತದೋ ಸರಿಯಾಗಿ ಅಲ್ಲೇ ಸ್ಪೀಕರಿನ ಹಸಿವೂ ಹೆಚ್ಚು.

ಇನ್ನು ಊಟದ ಮನೆಯ ಸ್ಪೀಕರುಗಳು. 12 ಮೀಟರ್ ದೂರ, 0.5 ಚದರ ಮಿಲಿಮೀಟರಿನ ತೆಳು ವೈರು. ತಾಮ್ರದ ಲೆಕ್ಕದಲ್ಲಿ ಹೋಗುವ ಬರುವ ಎಳೆ ಸೇರಿ 24 ಮೀಟರಿಗೆ ಸುಮಾರು 0.8 ಓಮ್. ಅದೇ 140ರ ಆಸುಪಾಸಿನಲ್ಲಿ ಹಳೆಯ ಸ್ಪೀಕರಿನ ಇಂಪೆಡೆನ್ಸ್ 6.8 ಸೇರಿ 7.6. ಇದಕ್ಕೆ ಪ್ಯಾರಲಲ್ ಆಗಿ 3.4 ಓಮ್ ಇಟ್ಟರೆ ಸಿಗುವುದು 2.35 ಓಮ್. 4 ಓಮಿನ ಕೆಳಗೆ ಬೇಡ ಎಂದು ಬರೆದುಕೊಂಡಿರುವ ಆಂಪಿಗೆ ಷಡ್ಜ ಹಿಡಿದಾಗಲೆಲ್ಲ 2.35 ಓಮಿನ ಹೊರೆ.

ಶಾಖದ ಲೆಕ್ಕ

ಇಂಪೆಡೆನ್ಸ್ ಇಳಿದರೆ ಆಂಪಿಗೆ ಯಾಕೆ ಕಷ್ಟ? ವಾಲ್ಯೂಮ್ ಗುಬ್ಬಿ (ತಿರುಗಿಸುವ ನಾಬ್) ನಿರ್ಧರಿಸುವುದು ವೋಲ್ಟೇಜನ್ನು. ಎಷ್ಟು ಕರೆಂಟ್ ಎಳೆಯಬೇಕು ಎಂದು ನಿರ್ಧರಿಸುವುದು ಸ್ಪೀಕರ್. 12 ವೋಲ್ಟಿಗೆ 8 ಓಮಿನ ಸ್ಪೀಕರ್ 1.5 ಆಂಪಿಯರ್ ಎಳೆದರೆ, 2.35 ಓಮಿನ ಹೊರೆ 5.1 ಆಂಪಿಯರ್ ಎಳೆಯುತ್ತದೆ. ಆ ಕರೆಂಟೆಲ್ಲ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಮೂಲಕವೇ ಹಾಯಬೇಕು. ಪವರ್ ಸಪ್ಲೈಯ ವೋಲ್ಟೇಜಿನಲ್ಲಿ ಸ್ಪೀಕರಿಗೆ ಹೋಗದೆ ಉಳಿದದ್ದೆಲ್ಲ ಟ್ರಾನ್ಸಿಸ್ಟರಿನ ಮೇಲೆಯೇ ಬಿದ್ದು, ಆ ಕರೆಂಟಿನೊಡನೆ ಸೇರಿ ಶಾಖವಾಗುತ್ತದೆ. ಈ ಬಗೆಯ 40 ವ್ಯಾಟಿನ ಆಂಪಿನ ಒಳಗೆ ಧನ–ಋಣ 32 ವೋಲ್ಟಿನ ಆಸುಪಾಸಿನ ಸಪ್ಲೈ ಇರುತ್ತದೆ. ಪುಸ್ತಕದ ಸೂತ್ರದಲ್ಲಿ ಹಾಕಿ ನೋಡಿದರೆ ಒಂದು ಚಾನೆಲ್ ಶಾಖವಾಗಿ ಚೆಲ್ಲಬೇಕಾದ ಗರಿಷ್ಠ ಶಕ್ತಿ 8 ಓಮಿನಲ್ಲಿ 26 ವ್ಯಾಟ್, 4 ಓಮಿನಲ್ಲಿ 52, 2.35 ಓಮಿನಲ್ಲಿ 88. ಅದೇ ಹೀಟ್‌ಸಿಂಕು (ಶಾಖ ಹೊರಹಾಕುವ ಲೋಹದ ರೆಕ್ಕೆಗಳು), ಅದೇ ಟ್ರಾನ್ಸಿಸ್ಟರು, ಮೂರೂವರೆ ಪಾಲು ಶಾಖ. ಮೇಲೆ ಗಾಜಿನ ಬಾಗಿಲು ಹಾಕಿದ ಶೋಕೇಸು. ಅರ್ಧ ಗಂಟೆಯಲ್ಲಿ ಪ್ರೊಟೆಕ್ಷನ್ ರಿಲೇ 'ಟಿಕ್' ಎಂದು ಸ್ಪೀಕರನ್ನು ಬಿಡಿಸಿಬಿಡುತ್ತಿದ್ದುದು ತನ್ನ ಕೆಲಸ ತಾನು ಮಾಡುತ್ತಿದ್ದುದಷ್ಟೇ.

ಇಲ್ಲಿಯೇ ಇನ್ನೊಂದು ಅಂಕಿ ನೋಡಬೇಕು. ಹಳೆಯ ಸ್ಪೀಕರಿನ ಸೆನ್ಸಿಟಿವಿಟಿ 90 ಡೆಸಿಬಲ್, ಹೊಸದರದು 87. ಎರಡೂ 2.83 ವೋಲ್ಟಿನ ಲೆಕ್ಕ. 2.83 ವೋಲ್ಟ್ ಎಂದರೆ 8 ಓಮಿನಲ್ಲಿ ಒಂದು ವ್ಯಾಟ್, 4 ಓಮಿನಲ್ಲಿ ಎರಡು ವ್ಯಾಟ್. ಹೀಗಾಗಿ ಹೊಸದು ಒಂದು ವ್ಯಾಟಿಗೆ ಕೊಡುವುದು 84 ಡೆಸಿಬಲ್ ಮಾತ್ರ. 3 ಡೆಸಿಬಲ್ ಹೆಚ್ಚಿಸಲು ಶಕ್ತಿ ದುಪ್ಪಟ್ಟಾಗಬೇಕು. ಹಳೆಯದಕ್ಕೂ ಹೊಸದಕ್ಕೂ ಅಂತರ 6 ಡೆಸಿಬಲ್. ಹಳೆಯ ಸ್ಪೀಕರ್ 5 ವ್ಯಾಟಿನಲ್ಲಿ ಹಾಡುತ್ತಿದ್ದ ಜೋರಿಗೆ ಹೊಸದು 20 ವ್ಯಾಟ್ ಕೇಳುತ್ತದೆ.

ಹೊಸ ಸ್ಪೀಕರ್ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಕಿರಿದಾದ ಪೆಟ್ಟಿಗೆಯಲ್ಲಿ ಆಳದ ಬೇಸ್ ಬೇಕೆಂದರೆ ಸೆನ್ಸಿಟಿವಿಟಿ ಬಿಟ್ಟುಕೊಡಲೇಬೇಕು. ಪೆಟ್ಟಿಗೆಯ ಗಾತ್ರ, ಬೇಸಿನ ಆಳ, ದಕ್ಷತೆ ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು ಎಂಬುದನ್ನು ಅಮೆರಿಕದ ಸ್ಪೀಕರ್ ತಂತ್ರಜ್ಞ ಜೆ. ಆಂಟನ್ ಹಾಫ್‌ಮನ್ ಹೆಸರಿನಲ್ಲಿ 'ಕಬ್ಬಿಣದ ನಿಯಮ' ಎಂದೇ ಕರೆಯುತ್ತಾರೆ. 1954ರಲ್ಲಿ ಅಮೆರಿಕದ ಇನ್ನೊಬ್ಬ ಸ್ಪೀಕರ್ ವಿನ್ಯಾಸಕ ಎಡ್ಗರ್ ವಿಲ್ಚುರ್ ಅವರ ಎಆರ್-1 ಸ್ಪೀಕರ್ ಬಂದಾಗ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳ ಬೇಸು ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ಬಂತು. ಅದಕ್ಕೆ ತೆತ್ತ ಬೆಲೆ ದಕ್ಷತೆ. ಹೆಚ್ಚು ಶಕ್ತಿಯ ಆಂಪುಗಳು ಮನೆಗಳಿಗೆ ಬೇಕಾದದ್ದು ಆ ದಾರಿಯಲ್ಲಿ. ಕಡಿಮೆ ಸೆನ್ಸಿಟಿವಿಟಿ ಎಂದ ಕೂಡಲೇ ಕರೆಂಟಿನ ಹಸಿವು ಎಂದೂ ಅರ್ಥವಲ್ಲ. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿನ ಸೆನ್ಸಿಟಿವಿಟಿ 83ರ ಆಸುಪಾಸು, ಬಹಳ ಕಡಿಮೆಯೇ. ಆದರೆ ಅದರ ಮೂಲ ಮಾದರಿ 15 ಓಮಿನದು, ಆಂಪಿನಿಂದ ಎಳೆಯುವ ಕರೆಂಟ್ ತೀರಾ ಹಗುರ. ನಮ್ಮ ಟವರುಗಳದು ಎರಡೂ ಕಡೆಯಿಂದ ಹೊರೆ.

ಹಾಗಾದರೆ ಅಂಗಡಿಯವರು ಹೇಳಿದ್ದೇ ಸರಿಯೇ?

ಅವರು ಎಷ್ಟು ಜೋರಾಗಿ ಕೇಳುತ್ತಾರೆ ಎಂದು ನೋಡದೆ ಇದಕ್ಕೆ ಉತ್ತರ ಹೇಳಲಾಗದು. ಕುರ್ಚಿ ಸ್ಪೀಕರಿನಿಂದ 3 ಮೀಟರ್ ದೂರ. ಅವರು ಕೇಳುವ ಮಟ್ಟದಲ್ಲೇ ಹಾಡು ಇಟ್ಟು ಮೊಬೈಲಿನ ಸೌಂಡ್ ಮೀಟರ್ ಆ್ಯಪಿನಲ್ಲಿ ಅಳೆದರೆ ಸರಾಸರಿ 72–75 ಡೆಸಿಬಲ್; "ಇನ್ನ ಜೋರ್ ಮಾಡಿ ತೋರಸ್ರಿ" ಎಂದರೆ 78. ಮೊಬೈಲಿನ ಅಳತೆಯಲ್ಲಿ ಎರಡು ಮೂರು ಡೆಸಿಬಲ್ ಹೆಚ್ಚುಕಮ್ಮಿ ಇರಬಹುದು, ಈ ಲೆಕ್ಕಕ್ಕೆ ಅಷ್ಟು ಸಾಕು.

87 ಡೆಸಿಬಲ್ಲಿಗೆ, ಎರಡು ಸ್ಪೀಕರ್ ಇರುವುದರಿಂದ 3 ಸೇರಿಸಿ, 3 ಮೀಟರ್ ದೂರಕ್ಕೆ ಸುಮಾರು 6 ಕಳೆದರೆ 84. ಬಯಲಿನಲ್ಲಾದರೆ ಒಂಬತ್ತೂವರೆ ಕಳೆಯಬೇಕಿತ್ತು. ಕೋಣೆಯಲ್ಲಿ ಗೋಡೆಗಳು ಸ್ವಲ್ಪ ಹಿಂದಿರುಗಿಸುತ್ತವೆ. ಅಂದರೆ 2.83 ವೋಲ್ಟ್ ಕೊಟ್ಟರೆ ಕುರ್ಚಿಯಲ್ಲಿ 84. ಅವರ ಜೋರಿನ ಮಟ್ಟ 78ಕ್ಕೆ ಅದರ ಅರ್ಧ, 1.4 ವೋಲ್ಟ್ ಸಾಕು. ಇಂಪೆಡೆನ್ಸ್ ತೀರಾ ಕೆಳಗಿರುವ ಕಡೆಯಲ್ಲೂ ಅದು 0.6 ವ್ಯಾಟ್. ಒಂದು ವ್ಯಾಟ್ ಕೂಡ ಇಲ್ಲ ಎಂದಾಗ ಅವರು ನಂಬಲಿಲ್ಲ, ಕಾಗದದ ಮೇಲೆ ತಾವೇ ಮತ್ತೊಮ್ಮೆ ಲೆಕ್ಕ ಹಾಕಿದರು.

ಸರಾಸರಿಗೆ ಸಾಕಾದರೆ ಸಾಲದು, ಶಿಖರಗಳಿಗೂ ಜಾಗ ಬೇಕು. ತಬಲಾದ ಪೆಟ್ಟು, ತಾರ ಸಪ್ತಕಕ್ಕೆ ಎದ್ದ ತಾನು ಸರಾಸರಿಗಿಂತ 15–18 ಡೆಸಿಬಲ್ ಮೇಲೆ ಹೋಗಬಹುದು. 78ಕ್ಕೆ 18 ಸೇರಿಸಿದರೆ 96. ಅದಕ್ಕೆ ಬೇಕಾದದ್ದು 11.3 ವೋಲ್ಟ್. 40 ವ್ಯಾಟಿನ ಈ ಆಂಪ್ 8 ಓಮಿನಲ್ಲಿ ಕೊಡಬಲ್ಲದ್ದು 17.9 ವೋಲ್ಟ್. ಇನ್ನೂ 4 ಡೆಸಿಬಲ್ ಮಿಕ್ಕಿದೆ. ಇವರ ಕೇಳ್ಮೆಗೆ ವ್ಯಾಟಿನ ಕೊರತೆ ಇರಲೇ ಇಲ್ಲ. 150 ವ್ಯಾಟಿಗೆ ಹೋದರೂ ದಕ್ಕುವುದು 40ರ ಮೇಲೆ 5.7 ಡೆಸಿಬಲ್ ಅಷ್ಟೇ. ಕಿವಿಗೆ 'ದುಪ್ಪಟ್ಟು ಜೋರು' ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು.

ಹಾಗಿದ್ದ ಮೇಲೆ ಕಡಿಮೆ ಓಮಿನ ಹೊರೆ ಶಾಖವನ್ನು ವಿವರಿಸೀತು, ಟ್ವೀಟರ್ ಸುಟ್ಟದ್ದನ್ನು ವಿವರಿಸದು. ಆಂಪಿನ ಮುಂಭಾಗ ನೋಡಿದರೆ ಬೇಸ್ ಗುಬ್ಬಿ ಬಲಗಡೆ ಪೂರ್ತಿ ತಿರುಗಿತ್ತು, ಲೌಡ್‌ನೆಸ್ ಎಂಬ, ಬೇಸನ್ನು ಇನ್ನಷ್ಟು ಏರಿಸುವ ಗುಂಡಿ ಒತ್ತಿತ್ತು.

"ಸರ, ಬೇಸ್ ಯಾಕ ಇಷ್ಟ ಏರಿಸೀರಿ?"

"ಏರಿಸದಿದ್ರ ಡಗ್ಗಾನ ಕೇಳಂಗಿಲ್ರಿ. ಇಷ್ಟ ದೊಡ್ಡ ಸ್ಪೀಕರ್, ಹಳೇದರಷ್ಟೂ ಬೇಸ್ ಇಲ್ಲ."

ಇಡೀ ಪ್ರಕರಣದ ಬೀಗ ತೆಗೆದದ್ದು ಈ ಮಾತು. ಎರಡು ದೊಡ್ಡ ವೂಫರುಗಳ ಟವರು ಚಿಕ್ಕ ಪೆಟ್ಟಿಗೆಗಿಂತ ಕಡಿಮೆ ಬೇಸ್ ಕೊಡಲು ಸಾಧ್ಯವಿಲ್ಲ. ಮನ್ಸೂರರ ಹಳೆಯ ಮೋನೊ (ಎರಡೂ ಸ್ಪೀಕರಿಗೆ ಒಂದೇ ದನಿ ಬರುವ) ಧ್ವನಿಮುದ್ರಣವೊಂದನ್ನು ಹಾಕಲು ಹೇಳಿ ಅವರನ್ನು ಎರಡು ಸ್ಪೀಕರಿನ ನಟ್ಟನಡುವೆ ಕೂರಿಸಿದೆ.

"ಎಲ್ಲಿ ಕೂತು ಹಾಡ್ಲಿಕತ್ತಾರ ಅನಸ್ತದ್ರಿ?"

"ಎಲ್ಲಾ ಕಡೆ ಅನಸ್ತದ. ಆಚೀಕಡೆ, ಈಚೀಕಡೆ, ತಲೀ ಹಿಂದ. ನಡಕ ಮಾತ್ರ ಇಲ್ಲ."

ಆಂಪ್ ಆರಿಸಿ ಬಲಗಡೆಯ ಸ್ಪೀಕರಿನ ಎರಡು ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಹಚ್ಚಿದೆ. ಅದೇ ಹಾಡು, ಅದೇ ವಾಲ್ಯೂಮು.

"ಈಗ ಬಂದ್ರ ನೋಡ್ರಿ! ನಡಕ ಬಂದು ಕೂತ್ರು." ಅಷ್ಟು ಹೇಳಿ ಅವರೇ ಎದ್ದುಹೋಗಿ ಬೇಸ್ ಗುಬ್ಬಿಯನ್ನು ನಡುವಿಗೆ ತಂದರು, ಲೌಡ್‌ನೆಸ್ ತೆಗೆದರು.

ಕಟ್ಟಿದ್ದ ವೈರಿನ ಎರಡೂ ಎಳೆ ಒಂದೇ ಬಣ್ಣದವು. ಒಂದು ಎಳೆಯ ಉದ್ದಕ್ಕೂ ಇರುವ ಸಣ್ಣ ಏಣನ್ನು ಕಟ್ಟಿದವರು ಗಮನಿಸಿರಲಿಲ್ಲ. ಬಲಗಡೆಯದರ ಧನ–ಋಣ ತಿರುವಾಗಿ, ಎಡಗಡೆಯ ಕೋನ್ ಮುಂದೆ ಬಂದಾಗ ಬಲಗಡೆಯದು ಹಿಂದೆ ಹೋಗುತ್ತಿತ್ತು. 100 ಹರ್ಟ್ಜಿನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್, 50ರದ್ದು ಏಳರ ಹತ್ತಿರ. ಎರಡು ಮೀಟರ್ ಅಂತರದ ಸ್ಪೀಕರುಗಳಲ್ಲಿ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡರೆ ಬೇಸ್ ಕೋಣೆಯಲ್ಲಿ ಹುಟ್ಟುವುದೇ ಇಲ್ಲ. ಎತ್ತರದ ಸ್ವರಗಳ ಅಲೆ ಚಿಕ್ಕದು, ಅವು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಸಂಶಯವಿದ್ದವರು ಆಂಪಿನ ವೈರು ಬಿಚ್ಚಿ, ಸ್ಪೀಕರಿನ ಕೆಂಪು ಟರ್ಮಿನಲ್ಲಿಗೆ 1.5 ವೋಲ್ಟಿನ ಸೆಲ್ಲಿನ ಧನ ತುದಿಯನ್ನೂ ಕಪ್ಪಿಗೆ ಇನ್ನೊಂದನ್ನೂ ಒಂದು ಕ್ಷಣ ಮುಟ್ಟಿಸಿ ನೋಡಬಹುದು. ಎರಡೂ ಸ್ಪೀಕರಿನ ವೂಫರುಗಳು ಒಂದೇ ದಿಕ್ಕಿಗೆ ಜಿಗಿಯಬೇಕು. ವೈರನ್ನೂ ಸೇರಿಸಿ ಪರೀಕ್ಷಿಸಬೇಕಿದ್ದರೆ ಸೆಲ್ಲನ್ನು ವೈರಿನ ಆಂಪ್ ಕಡೆಯ ತುದಿಗೆ ಮುಟ್ಟಿಸಿದರಾಯಿತು.

ಟ್ವೀಟರ್ ಸುಟ್ಟದ್ದು

ಈಗ ಸರಪಳಿ ಕೂಡಿತು. ಹುಟ್ಟದ ಬೇಸನ್ನು ಹುಟ್ಟಿಸಲು ಅವರು ಬೇಸ್ ಗುಬ್ಬಿ ಏರಿಸುತ್ತ ಹೋದರು. ಇಂಥ ಆಂಪುಗಳಲ್ಲಿ ಪೂರ್ತಿ ತಿರುಗಿಸಿದ ಬೇಸ್ ಗುಬ್ಬಿ 100 ಹರ್ಟ್ಜಿನ ಸುತ್ತ ಸುಮಾರು 10 ಡೆಸಿಬಲ್ ಏರಿಸುತ್ತದೆ. ಆ ಭಾಗದಲ್ಲಿ ಹತ್ತು ಪಟ್ಟು ಶಕ್ತಿ, ಮೂರು ಪಟ್ಟಿಗೂ ಮಿಕ್ಕಿ ವೋಲ್ಟೇಜು. ಶಿಖರಕ್ಕೆ ಸಾಕಾಗಿದ್ದ 11.3 ವೋಲ್ಟ್ 35 ಆಯಿತು. ಆಂಪಿನಲ್ಲಿರುವುದು ಹದಿನೆಂಟು, ಅದೂ 8 ಓಮಿನಲ್ಲಿ. 2.35 ಓಮಿನ ಹೊರೆಗೆ ಸಪ್ಲೈ ಕುಗ್ಗಿ ಇನ್ನೂ ಕಡಿಮೆ. ಡಗ್ಗಾದ ಪೆಟ್ಟು ಬಿದ್ದಾಗಲೆಲ್ಲ ಅಲೆಯ ತಲೆ ಕತ್ತರಿಸಿಹೋಗುತ್ತಿತ್ತು. ಇದಕ್ಕೇ ಕ್ಲಿಪ್ಪಿಂಗ್ ಎನ್ನುವುದು.

ಆದರೂ ಸಂಜೆಯ ಖಯಾಲ್ ಕೇಳಿ ಟ್ವೀಟರ್ ಹೋಗಲಿಲ್ಲ. ಹೋದದ್ದು ಮೊಮ್ಮಗಳ ಹೆಸರಿಡುವ ದಿನ, ಮಧ್ಯಾಹ್ನವಿಡೀ ಸಿನಿಮಾ ಹಾಡು ಜೋರಾಗಿ ಹಾಕಿದ್ದಾಗ. ಈಗಿನ ಸಿನಿಮಾ ಹಾಡುಗಳನ್ನು ಮಾಸ್ಟರ್ ಮಾಡುವಾಗಲೇ (ಬಿಡುಗಡೆಗೆ ಮುನ್ನ ಕೊನೆಯದಾಗಿ ತಿದ್ದುವಾಗಲೇ) ಒತ್ತಿ ಬಿಗಿಮಾಡಿರುತ್ತಾರೆ, ಸರಾಸರಿಗೂ ಶಿಖರಕ್ಕೂ 8–10 ಡೆಸಿಬಲ್ ಅಂತರ ಉಳಿದರೆ ಹೆಚ್ಚು. 18 ಡೆಸಿಬಲ್ ಅಂತರವಿರುವ ಸಂಗೀತದಲ್ಲಿ ಸರಾಸರಿ ಶಕ್ತಿ ಶಿಖರದ ಅರವತ್ತರಲ್ಲೊಂದು ಪಾಲು. 8 ಆದರೆ ಆರರಲ್ಲೊಂದು ಪಾಲು. ವಾಲ್ಯೂಮನ್ನು ಕ್ಲಿಪ್ಪಿಂಗಿನಾಚೆಗೂ ಏರಿಸಿದರೆ ಬೇಸ್ ಇನ್ನು ಬೆಳೆಯಲಾರದೆ ನಿಂತುಬಿಡುತ್ತದೆ, ನಡುವಣ ಮತ್ತು ಮೇಲಿನ ಸ್ವರಗಳು ಮಾತ್ರ ಬೆಳೆಯುತ್ತಲೇ ಹೋಗುತ್ತವೆ, ಜೊತೆಗೆ ತಲೆ ಕತ್ತರಿಸಿದ ಅಲೆಯಿಂದ ಹುಟ್ಟಿದ ಹೊಸ ಎತ್ತರದ ಸ್ವರಗಳೂ ಸೇರುತ್ತವೆ. ಇವೆಲ್ಲ ಕ್ರಾಸ್‌ಓವರಿನ ಮೂಲಕ ಟ್ವೀಟರಿಗೆ ಹೋಗುತ್ತವೆ. ಕ್ಲಿಪ್ ಆದಾಗ ಡಿಸಿ ಹೋಗಿ ಟ್ವೀಟರ್ ಸುಡುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ; ಅದು ಸರಿಯಲ್ಲ. ಎರಡೂ ಕಡೆ ಸಮನಾಗಿ ಕತ್ತರಿಸಿದ ಅಲೆಯಲ್ಲಿ ಡಿಸಿ ಇರುವುದಿಲ್ಲ, ಇದ್ದರೂ ಟ್ವೀಟರಿನ ಸರಣಿಯಲ್ಲಿರುವ ಕೆಪಾಸಿಟರ್ ಬಿಡುವುದಿಲ್ಲ. ಸುಟ್ಟದ್ದು ಬಿಡುವಿಲ್ಲದ ಶಾಖದಿಂದ. ಕೂದಲೆಳೆಯಂಥ ತಂತಿಯ ಪುಟ್ಟ ಸುರುಳಿ ಅದು, ನಿರಂತರವಾಗಿ ಕೆಲವೇ ವ್ಯಾಟ್ ತಾಳುತ್ತದೆ. ಪಟ್ಟಿಯ ಮೇಲಿನ 150 ವ್ಯಾಟ್ ಎಂಬುದು ಇಡೀ ಸ್ಪೀಕರಿಗೆ, ಬಹುಪಾಲು ಶಕ್ತಿ ವೂಫರಿಗೆ ಹೋಗುವ ಸಹಜ ಸಂಗೀತದ ಲೆಕ್ಕದಲ್ಲಿ ಹೇಳಿದ್ದು. ಬಿಚ್ಚಿ ಮೀಟರ್ ಹಚ್ಚಿದರೆ ಟ್ವೀಟರ್ ಓಪನ್, ಅಂದರೆ ಸುರುಳಿಯ ತಂತಿ ತುಂಡಾಗಿತ್ತು.

ಇದೇ ಸ್ಥಿತಿಯಲ್ಲಿ 150 ವ್ಯಾಟಿನ ಆಂಪ್ ತಂದಿದ್ದರೆ? ತಿರುವಾದ ವೈರು ಹಾಗೇ ಇರುತ್ತಿತ್ತು, ಬೇಸ್ ಗುಬ್ಬಿ ಪೂರ್ತಿ ಏರಿಯೇ ಇರುತ್ತಿತ್ತು, 2.35 ಓಮಿನ ಹೊರೆ ಹಾಗೇ ಇರುತ್ತಿತ್ತು. ಹೆಚ್ಚಿನ ಶಕ್ತಿ ಈ ಸಲ ವೂಫರನ್ನೇ ಹರಿಯುತ್ತಿತ್ತೇನೋ.

ಮಾಡಿದ್ದು, ಮಾಡದೆ ಬಿಟ್ಟದ್ದು

ಟ್ವೀಟರನ್ನು ಅದೇ ಕಂಪನಿಯ ಅದೇ ಮಾದರಿಯದು ತರಿಸಿ ಹಾಕಿದ್ದಾಯಿತು. ನೋಡಲು ಒಂದೇ ತರಹ ಇರುವ ಬೇರೆಯದನ್ನು ಹಾಕಿದರೆ ಕ್ರಾಸ್‌ಓವರಿಗೆ ಹೊಂದದೆ ಎಡ–ಬಲದ ದನಿ ಬೇರೆಯಾಗುತ್ತದೆ. ಆಂಪಿನೊಳಗೆ ಹೀಟ್‌ಸಿಂಕಿನ ರೆಕ್ಕೆಗಳಲ್ಲಿ ಕಟ್ಟಿದ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದೆ. ಔಟ್‌ಪುಟ್‌ನಲ್ಲಿ ಡಿಸಿ ಆಫ್‌ಸೆಟ್ (ಹಾಡಿಲ್ಲದಾಗಲೂ ಉಳಿಯುವ ಡಿಸಿ ವೋಲ್ಟ್) ಎರಡೂ ಚಾನೆಲ್ಲಿನಲ್ಲಿ 30 ಮಿಲಿವೋಲ್ಟಿನ ಒಳಗೆ ಇತ್ತು. ಇಷ್ಟು ಕಾಲ ತಾಳಿದ ಯಂತ್ರಕ್ಕೆ ಇದು ಒಳ್ಳೆಯ ಆರೋಗ್ಯ. ಶೋಕೇಸಿನಿಂದ ಹೊರಬಂದು ಈಗ ಅದು ತೆರೆದ ಸ್ಟ್ಯಾಂಡಿನ ಮೇಲಿದೆ, ಮೇಲೆ ಒಂದು ಗೇಣು ಬಿಡುವಿದೆ.

ನಡುವೆ ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಟವರಿನ ಸರಣಿಯಲ್ಲಿ 4 ಓಮಿನ ರೆಸಿಸ್ಟರ್ ಹಾಕಿದರೆ 8 ಓಮ್ ಆಗುತ್ತದಲ್ಲ ಎಂದರು. ಆಂಪಿನ ಶಾಖ ಇಳಿಯುವುದು ನಿಜ. ಆದರೆ ಸ್ಪೀಕರ್ 3.4 ಓಮ್ ಇರುವ ಕಡೆ ರೆಸಿಸ್ಟರ್ ಅರ್ಧಕ್ಕಿಂತ ಹೆಚ್ಚು ವೋಲ್ಟ್ ನುಂಗುತ್ತದೆ, 12 ಓಮ್ ಇರುವ ಕಡೆ ಕಾಲು ಭಾಗ ಮಾತ್ರ. ಲೆಕ್ಕ ಹಾಕಿದರೆ ಎರಡರ ನಡುವೆ 4 ಡೆಸಿಬಲ್ಲಿಗೂ ಮಿಕ್ಕಿ ವ್ಯತ್ಯಾಸ. ಷಡ್ಜದ ಮೈ ಸೊರಗಿ, 2,000 ಹರ್ಟ್ಜಿನ ಸುತ್ತ ದನಿ ಚೂಪಾಗಿ ಮುಂದೆ ಬರುತ್ತದೆ. ಹೊಸದನ್ನೂ ಹಳೆಯದನ್ನೂ ಸರಣಿಯಲ್ಲಿ ಕಟ್ಟಿದರೂ ಇದೇ ಕಥೆ. ಒಂದರ ಇಂಪೆಡೆನ್ಸ್ ಏರಿಳಿತ ಇನ್ನೊಂದರ ದನಿಯನ್ನು ಕೆಡಿಸುತ್ತದೆ. ಎರಡನ್ನೂ ಬೇಡವೆಂದೆ.

ಊಟದ ಮನೆಗೆ ಬೇರೆಯೇ ಆಂಪ್ ಇಟ್ಟೆವು. 90 ಡೆಸಿಬಲ್ಲಿನ ಹಳೆಯ ಸ್ಪೀಕರಿಗೆ ಅಲ್ಲಿ ಬೇಕಾಗುವುದು ಒಂದೆರಡು ವ್ಯಾಟ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಪಿಎ3116 ಚಿಪ್ಪಿನ ಅಂಗೈಯಗಲದ ಕ್ಲಾಸ್-ಡಿ (ಕಡಿಮೆ ಕಾಯುವ ಸ್ವಿಚಿಂಗ್ ಬಗೆಯ) ಆಂಪ್ ಧಾರಾಳವಾಯಿತು. ಹಳೆಯ ಆಂಪಿನಲ್ಲಿ ವಾಲ್ಯೂಮ್ ಗುಬ್ಬಿಗೂ ಮೊದಲೇ ಸಿಗ್ನಲ್ ಹೊರಬರುವ ಟೇಪ್ ಔಟ್‌ನಿಂದ ಅದಕ್ಕೆ ಸಿಗ್ನಲ್ ಕೊಟ್ಟದ್ದರಿಂದ ಎರಡು ಕೋಣೆಯ ವಾಲ್ಯೂಮೂ ಬೇರೆ ಬೇರೆಯಾದವು. ಅಡುಗೆಮನೆ ಕಡೆಯಿಂದ ಅಮ್ಮಾರು "ಅಂತೂ ನಾ ಮಾತಾಡಿದ್ದು ನನಗ ಕೇಳೂ ಹಂಗಾತು" ಎಂದರು.

ಇಲ್ಲಿ ಒಂದು ಅಪಾಯ ಕಾದಿತ್ತು. ಊಟದ ಮನೆಗೆ ಎಳೆದಿದ್ದದ್ದು ಮೂರೆಳೆಯ ವೈರು: ಎಡದ ಧನಕ್ಕೆ ಒಂದು, ಬಲದ ಧನಕ್ಕೆ ಒಂದು, ಎರಡರ ಋಣಕ್ಕೂ ಸೇರಿ ಒಂದೇ ಎಳೆ. ಹಳೆಯ ಆಂಪಿನಲ್ಲಿ ಎರಡು ಚಾನೆಲ್ಲಿನ ಋಣವೂ ಗ್ರೌಂಡೇ ಆದ್ದರಿಂದ ಅದು ನಡೆದುಹೋಗಿತ್ತು. ಈ ಕ್ಲಾಸ್-ಡಿ ಚಿಪ್ಪಿನಲ್ಲಿ ಸ್ಪೀಕರಿನ ಎರಡು ತುದಿಯನ್ನೂ ಆಂಪೇ ನಡೆಸುತ್ತದೆ. ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಎರಡು ಚಾನೆಲ್ಲಿನ ಕಪ್ಪನ್ನು ಕೂಡಿಸಿದರೆ ಎರಡು ಔಟ್‌ಪುಟ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿದಂತೆ. ಹಾಗಾಗಿ ಹಳೆಯ ವೈರು ಕಿತ್ತು, ಚಾನೆಲ್ಲಿಗೊಂದರಂತೆ 1.5 ಚದರ ಮಿಲಿಮೀಟರಿನ ಜೋಡಿ ವೈರು ಎಳೆಸಿದ್ದಾಯಿತು, 0.8 ಓಮ್ ಇದ್ದದ್ದು 0.3ರ ಕೆಳಗೆ ಬಂತು.

ಈಗ ಪಡಸಾಲೆಯಲ್ಲಿ ಅದೇ 40 ವ್ಯಾಟಿನ ಆಂಪ್, ಎ ಮೇಲೆ ಟವರುಗಳು ಮಾತ್ರ. 4 ಓಮಿನ ಸ್ಪೀಕರ್ ಒಂದೇ ಜೋಡಿ ಎಂದರೆ ಅದರ ಹಿಂಬದಿಯ ಬರಹದೊಳಗೇ ಇದೆ. ಇಡೀ ಸಂಜೆ ಹಾಡಿದ ಮೇಲೂ ಮುಚ್ಚಳದ ಮೇಲೆ ಕೈ ಇಟ್ಟು ಹತ್ತು ಎಣಿಸಬಹುದು. ಮೊದಲು ಮುಟ್ಟಲೂ ಆಗುತ್ತಿರಲಿಲ್ಲ. ಬರಿಯ ಕಲ್ಲಿನ ನೆಲದ ಮೇಲೆ ಸ್ಪೀಕರಿಗೂ ಕುರ್ಚಿಗೂ ನಡುವೆ ನವಲಗುಂದದ ಜಮಖಾನಿ ಹಾಸಿದ್ದರಿಂದ ದನಿಯ ಚುರುಕೂ ಸ್ವಲ್ಪ ತಗ್ಗಿತು. ಬಿ ಟರ್ಮಿನಲ್ಲುಗಳಿಗೆ ಯಾರೂ ಮತ್ತೆ ವೈರು ಕಟ್ಟದಂತೆ ಟೇಪು ಸುತ್ತಿದ್ದೇನೆ. ಮನೆಯಲ್ಲಿ ಸಮಾರಂಭವಿದ್ದ ದಿನ ಈ ಸ್ಪೀಕರುಗಳನ್ನು ಬಿಟ್ಟು ಮೈಕ್ ಸೆಟ್ಟಿನವರನ್ನು ಕರೆಯಿರಿ ಎಂದಿದ್ದೇನೆ. ಅವರ ಹಾರ್ನುಗಳ ಸೆನ್ಸಿಟಿವಿಟಿ 100 ಡೆಸಿಬಲ್ ದಾಟುತ್ತದೆ, ಬಯಲಿಗೆ ಕೂಗುವುದು ಅವುಗಳ ಕೆಲಸ.

ಆಂಪ್ ಹಳೆಯದಾದ್ದರಿಂದ ಮುಂದೊಂದು ದಿನ ಹೊಸದು ಬೇಕಾದೀತು. ಅಂದು ಅಂಗಡಿಗೆ ಒಯ್ಯಲು ಒಂದು ಚೀಟಿ ಬರೆಸಿಕೊಂಡಿದ್ದಾರೆ. ಅದರಲ್ಲಿರುವುದಿಷ್ಟು: 8 ಓಮಿಗೆ 60–80 ವ್ಯಾಟ್ ಸಾಕು, ಆದರೆ 4 ಓಮಿನ ವ್ಯಾಟನ್ನೂ ಕಂಪನಿ ಬರೆದಿರಬೇಕು, ಅದು 8 ಓಮಿನದಕ್ಕಿಂತ ಒಂದೂವರೆ ಪಟ್ಟಾದರೂ ಇರಬೇಕು, ದುಪ್ಪಟ್ಟಿನ ಹತ್ತಿರ ಹೋದಷ್ಟೂ ಪವರ್ ಸಪ್ಲೈ ಗಟ್ಟಿ. ಅಂಕಿ ಎರಡೂ ಚಾನೆಲ್ ಒಟ್ಟಿಗೆ, 20ರಿಂದ 20,000 ಹರ್ಟ್ಜಿನವರೆಗೆ, ಶೇ. 1ಕ್ಕಿಂತ ಕಡಿಮೆ ದನಿ-ವಿಕೃತಿ, ಎಂದರೆ ಡಿಸ್ಟಾರ್ಷನ್‌ನಲ್ಲಿ ನಿರಂತರವಾಗಿ ಕೊಡುವಂಥದ್ದಾಗಿರಬೇಕು. "1 ಕಿಲೊಹರ್ಟ್ಜ್, ಶೇ. 10 ಡಿಸ್ಟಾರ್ಷನ್, ಒಂದೇ ಚಾನೆಲ್" ಎಂದಿದ್ದರೆ ಆ ಅಂಕಿಯನ್ನು ಹೋಲಿಕೆಗೆ ತೆಗೆದುಕೊಳ್ಳಬಾರದು. ಪಿಎಂಪಿಒ (ಕ್ಷಣಮಾತ್ರದ್ದೆಂದು ಉಬ್ಬಿಸಿ ಹೇಳುವ ಗರಿಷ್ಠ ವ್ಯಾಟ್) ಎಂದು ಬರೆದಿದ್ದರೆ ನೋಡುವುದೇ ಬೇಡ. ಅಂಥ ಬೇಕಾಬಿಟ್ಟಿ ಅಂಕಿಗಳಿಗೆ ಕಡಿವಾಣ ಹಾಕಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿರಂತರ ಶಕ್ತಿಯನ್ನು ಹೇಳಲೇಬೇಕೆಂದು ನಿಯಮ ಮಾಡಿತ್ತು. ಹಿಂದೆ 4/8 ಓಮಿನ ಸ್ವಿಚ್ ಇದ್ದರೆ ಅದನ್ನು ನೋಡಿ ಮರುಳಾಗಬಾರದು; ಬಹುತೇಕ ಆಂಪುಗಳಲ್ಲಿ 4ರ ಕಡೆ ತಿರುಗಿಸಿದರೆ ಸಪ್ಲೈ ವೋಲ್ಟೇಜ್ ಇಳಿದು ಶಕ್ತಿಯೇ ಕಡಿಮೆಯಾಗುತ್ತದೆ, ಆಂಪ್ ಗಟ್ಟಿಯಾಗುವುದಿಲ್ಲ. ಚೀಟಿಯ ಕೊನೆಗೆ ಅವರು ತಮ್ಮ ಅಕ್ಷರದಲ್ಲೇ ಸೇರಿಸಿದ್ದಾರೆ: ಟವರಿನ ಕನಿಷ್ಠ ಇಂಪೆಡೆನ್ಸ್ 3.4 ಓಮ್, 140 ಹರ್ಟ್ಜಿನಲ್ಲಿ.